ಸುರುಳಿಯೊಳಗೆ ಹಬೆಯಾಡುವ ಹುಲ್ಲು

ನೆಬ್ರಾಸ್ಕಾದ ಟರ್ಫ್ (ಹುಲ್ಲುಹಾಸು) ತೋಟದಲ್ಲಿ ಕೆಲಸ ಮಾಡುವ ನಿಮಗೆ ಕೊಯ್ದ ಹುಲ್ಲಿನ ಸುರುಳಿ ಬಿಸಿಯೇರಿ ಕೆಡುವ ಚಿಂತೆ ಸಹಜ. ಕತ್ತರಿಸಿ ಸುರುಳಿ ಸುತ್ತಿದ ಮೇಲೂ ಹುಲ್ಲು ಉಸಿರಾಡುತ್ತಲೇ ಇರುತ್ತದೆ. ಎಲೆಯಲ್ಲಿ ಕೂಡಿಟ್ಟ ಸಕ್ಕರೆ ಉರಿದು ಶಾಖ ಹುಟ್ಟುತ್ತದೆ, ಗಾಳಿಯಾಡದ ಕಾರಣ ಅದು ಒಳಗೇ ಉಳಿಯುತ್ತದೆ. ಪ್ಯಾಲೆಟ್‌ನ ನಡುವಿನ ಸುರುಳಿಯನ್ನು ಬಿಚ್ಚಿ ಕೈಯಿಟ್ಟು ನೋಡಿ: ಅಂಚು ತಂಪು, ನಡು ಬಿಸಿ, ಎಲೆಗಳು ಹಳದಿ ತಿರುಗಿ ಹುಳಿ ವಾಸನೆ. ಒಳಗಿನ ಉಷ್ಣತೆ 40 ಡಿಗ್ರಿ ಸೆಲ್ಸಿಯಸ್ ಸಮೀಪಿಸಿದರೆ ಕೆಂಟಕಿ ಬ್ಲೂಗ್ರಾಸ್ ಉಳಿಯುವುದು ಕಷ್ಟ.

ನೀವು ಕೇಳಿದ ಟ್ರಿನೆಕ್ಸಾಪ್ಯಾಕ್-ಇಥೈಲ್ ಬೆಳವಣಿಗೆ ತಡೆಯುವ ಔಷಧ. ಎಲೆಯನ್ನು ಉದ್ದವಾಗಿಸುವ ಹಾರ್ಮೋನು ಗಿಬ್ಬರೆಲಿನ್ ತಯಾರಾಗುವ ಕೊನೆಯ ಹಂತಗಳಲ್ಲೊಂದನ್ನು ಅದು ತಡೆಯುತ್ತದೆ. ಎಲೆ ಉದ್ದವಾಗುವುದು ನಿಧಾನವಾಗುತ್ತದೆ, ಸುರುಳಿ ಬಿಸಿಯೇರುವುದೂ ತಗ್ಗುತ್ತದೆ. ನಿಮ್ಮ ನೆಬ್ರಾಸ್ಕಾ ವಿಶ್ವವಿದ್ಯಾಲಯದಲ್ಲೇ ಈ ಕುರಿತು ಪ್ರಯೋಗ ನಡೆದಿದೆ. ಕೊಯ್ಲಿಗೆ ಸುಮಾರು ಎರಡು ವಾರ ಮೊದಲು, ಲೇಬಲ್ ಹೇಳಿದ ಪ್ರಮಾಣದಲ್ಲಿ ಸಿಂಪಡಿಸಿ. ಕೊಯ್ದ ಮೇಲೆ ಸಿಂಪಡಿಸಿ ಪ್ರಯೋಜನವಿಲ್ಲ. ತೀರಾ ಮುಂಚೆ ಹಾಕಿದರೂ ಕಷ್ಟವೇ, ಪರಿಣಾಮ ಇಳಿದ ಮೇಲೆ ಹುಲ್ಲು ಇಮ್ಮಡಿ ಹುರುಪಿನಿಂದ ಬೆಳೆಯಬಹುದು.

ಆದರೆ ಔಷಧವೊಂದನ್ನೇ ನಂಬಬೇಡಿ, ಇದನ್ನು ಒತ್ತಿ ಹೇಳುತ್ತೇನೆ. ಕೊಯ್ಲು ಹತ್ತಿರವಿರುವಾಗ ಸಾರಜನಕ ಸುರಿಯುವುದೇ ಅನೇಕ ಕಡೆ ಮುಖ್ಯ ತಪ್ಪು. ಹಚ್ಚಗೆ ಕಾಣಲೆಂದು ಹಾಕಿದ ಗೊಬ್ಬರವೇ ಉಸಿರಾಟ ಹೆಚ್ಚಿಸಿ ಸುರುಳಿಯನ್ನು ಸುಡುತ್ತದೆ. ಕೊಯ್ಲಿಗೆ ಮುನ್ನ ಗಿಡ್ಡಗೆ ಕತ್ತರಿಸಿ, ತುಣುಕುಗಳನ್ನು ಗುಡಿಸಿ ತೆಗೆಯಿರಿ. ನಸುಕಿನಲ್ಲಿ ಮಣ್ಣು ತಂಪಿರುವಾಗ ಕೊಯ್ದು ಅಂದೇ ಸಾಗಿಸಿ. ಜುಲೈನಲ್ಲಿ ದೂರದ ಆರ್ಡರ್ ಬಂದರೆ ಶೀತಲೀಕರಣವಿರುವ ಲಾರಿ ಕೇಳಿ. ಅದು ಸಿಗದಿದ್ದರೆ ಆ ಆರ್ಡರನ್ನು ಧೈರ್ಯವಾಗಿ ಬಿಟ್ಟುಬಿಡಿ.