ಮೈಯೊಳಗಿನ ಕಬ್ಬಿಣ

ಕುಡುಗೋಲು ಕಬ್ಬಿಣದ್ದು. ರೊಟ್ಟಿ ಹಂಚು ಕಬ್ಬಿಣದ್ದು. ನಮ್ಮ ಮೈಯೊಳಗೂ ಕಬ್ಬಿಣ ಇದೆ. ಎಷ್ಟು? ಸುಮಾರು 3 ಗ್ರಾಂ. ಅಷ್ಟೇ. ಅದಿಲ್ಲದೆ ರಕ್ತ ಆಗುವುದಿಲ್ಲ.

ಹತ್ತಿಕುಣಿಯಲ್ಲಿ ನಾವು ಬಿಸಿಲಲ್ಲಿ ಕಳೆ ತೆಗೀತೇವೆ. ರಕ್ತ ಕಡಿಮೆ ಇದ್ದರೆ ಸುಸ್ತಾಗ್ತದೆ, ತಲೆ ತಿರುಗ್ತದೆ. ಅದಕ್ಕೇ ಬಸುರಿಯರಿಗೆ ಕಬ್ಬಿಣದ ಗುಳಿಗೆ ಕೊಡ್ತಾರೆ. ದಿನಕ್ಕೆ ಒಂದು, 180 ದಿನ. ಸಜ್ಜೆ ರೊಟ್ಟಿ, ಪುಂಡಿ ಪಲ್ಯ, ಕಾಳು ತಿನ್ನೋಣ.

ಹಾಗಾದರೆ ಕಬ್ಬಿಣ ಹೆಚ್ಚಾದಷ್ಟೂ ಒಳ್ಳೇದೇ? ಅಲ್ಲ.

ಶೇಂಗಾ ಎಣ್ಣೆ ಬಹಳ ದಿನ ಇಟ್ಟರೆ ಕಮಟು ವಾಸನೆ ಬರ್ತದೆ. ಗಾಳಿ ತಾಗಿ ಎಣ್ಣೆ ಕೆಡ್ತದೆ. ಕಬ್ಬಿಣ ಸೇರಿದರೆ ಬೇಗ ಕೆಡ್ತದೆ.

ಮೈಯೊಳಗೂ ಹೀಗೆ ಆಗಬಹುದು. ನಮ್ಮ ಮೈ ಕಣ್ಣಿಗೆ ಕಾಣದ ಸಣ್ಣ ಸಣ್ಣ ಜೀವಕೋಶಗಳಿಂದ ಆಗಿದೆ. ಪ್ರತಿ ಕೋಶಕ್ಕೂ ತೆಳು ಪೊರೆ ಇದೆ. ಪೊರೆಯಲ್ಲಿ ಕೊಬ್ಬು ಇದೆ. ಕಬ್ಬಿಣದ ದೆಸೆಯಿಂದ ಆ ಕೊಬ್ಬು ಕೆಡಬಹುದು. ಕೆಡದಂತೆ ಕಾಯುವ ಕಾವಲು ಕೋಶದಲ್ಲೇ ಇದೆ. ಕಾವಲು ಸೋತರೆ ಪೊರೆ ಹರೀತದೆ, ಕೋಶ ಸಾಯ್ತದೆ. 2012ರಲ್ಲಿ ಅಮೆರಿಕದ ಕೊಲಂಬಿಯಾ ವಿಶ್ವವಿದ್ಯಾಲಯದ ವಿಜ್ಞಾನಿಗಳು ಇದಕ್ಕೆ ಫೆರಾಪ್ಟೋಸಿಸ್ ಎಂದು ಹೆಸರಿಟ್ಟರು.

ಕ್ಯಾನ್ಸರ್ ಎಂದರೆ ಕೋಶಗಳು ಹದ್ದು ಮೀರಿ ಬೆಳೆಯುವುದು. ಇಂಥ ಅನೇಕ ಕೋಶಗಳು ಹೆಚ್ಚು ಕಬ್ಬಿಣ ಎಳೆದುಕೊಳ್ತವೆ. ಅವುಗಳ ಕಾವಲು ತೆಗೆದರೆ ಅವೇ ಸಾಯಬಹುದು. ಬೇರೆ ಔಷಧಿಗೆ ಬಗ್ಗದ ಕೆಲವು ಕೋಶಗಳೂ ಪ್ರಯೋಗಾಲಯದಲ್ಲಿ ಹೀಗೆ ಸತ್ತಿವೆ. ಆದರೆ ಒಳ್ಳೆಯ ಕೋಶಗಳು ಉಳಿಯಬೇಕು. ಕಷ್ಟ ಇರುವುದು ಅಲ್ಲೇ. ಸಂಶೋಧನೆ ಇನ್ನೂ ನಡೆದಿದೆ.

ಕಬ್ಬಿಣ ಕ್ಯಾನ್ಸರ್ ಕೊಲ್ತದಂತೆ ಎಂದು ಗುಳಿಗೆ ಹೆಚ್ಚು ನುಂಗಬಾರದು. ಅದರಿಂದ ಕ್ಯಾನ್ಸರ್ ಹೋಗುವುದಿಲ್ಲ. ಕ್ಯಾನ್ಸರಿಗೆ ಹೆದರಿ ಬಸುರಿಯರು ಗುಳಿಗೆ ಬಿಡಲೂಬಾರದು. ಡಾಕ್ಟರು ಹೇಳಿದಷ್ಟೇ ತಗೋಬೇಕು. ಗುಳಿಗೆ ಮಕ್ಕಳ ಕೈಗೆ ಸಿಗಬಾರದು. ಮಕ್ಕಳು ಬಹಳ ನುಂಗಿದರೆ ಜೀವಕ್ಕೇ ಅಪಾಯ.

ಎದೆಯಲ್ಲಿ ಗಂಟು, ಮುಟ್ಟು ನಿಂತ ಮೇಲೆ ರಕ್ತ, ಮೂರು ವಾರವಾದರೂ ಮಾಯದ ಬಾಯಿ ಹುಣ್ಣು. ಇವು ಕಂಡರೆ ನಾಚಿಕೆ ಬೇಡ. ಬೇಗ ತೋರಿಸೋಣ. ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆ ಬೆಂಗಳೂರಿನಲ್ಲಿದೆ. ಅದರ ಕೇಂದ್ರ ನಮಗೆ ಹತ್ತಿರದ ಕಲಬುರಗಿಯಲ್ಲೂ ಇದೆ. ಬೇಗ ಗೊತ್ತಾದರೆ ಬಹಳಷ್ಟು ಕ್ಯಾನ್ಸರ್ ವಾಸಿ ಮಾಡಬಹುದು.

ಮಾತಾಡೋಣ
1. ಮೈಗೆ ಕಬ್ಬಿಣ ಯಾಕೆ ಬೇಕು?
2. ಗುಳಿಗೆ ಹೆಚ್ಚು ನುಂಗಬಾರದು, ಯಾಕೆ?
3. ಗಂಟು ಕಂಡರೂ ನಾವು ಯಾಕೆ ಮುಚ್ಚಿಡ್ತೇವೆ?

ಓದಿ, ಬರೆಯಿರಿ
ಕಬ್ಬಿಣ, ಗುಳಿಗೆ, ಪೊರೆ, ಕಾವಲು, ಗಂಟು