ಶನಿವಾರದ ಊಟವೆಂದರೆ ಈಗ ಭಯ

ಪ್ರಶ್ನೆ: ನನಗೆ 34 ವರ್ಷ. ಊರು ಶಿರಸಿಯ ಹತ್ತಿರ, ಕೆಲಸ ಬೆಂಗಳೂರಿನಲ್ಲಿ. ನಾವು ನಾಲ್ವರು ಗೆಳತಿಯರು ಪ್ರತಿ ಶನಿವಾರ ರಾತ್ರಿ ಸರದಿಯಂತೆ ಒಬ್ಬೊಬ್ಬರ ಮನೆಯಲ್ಲಿ ಸೇರಿ ಊಟ ಮಾಡುತ್ತೇವೆ. ಹೊರಗಿನಿಂದ ತರಿಸುವಂತಿಲ್ಲ, ಪ್ರತಿ ಸಲವೂ ಹೊಸ ಅಡುಗೆಯೇ ಆಗಬೇಕು ಎಂದು ನಾವೇ ನಿಯಮ ಮಾಡಿಕೊಂಡಿದ್ದೇವೆ. ಮೊದಮೊದಲು ವಾರವಿಡೀ ಅದಕ್ಕೇ ಕಾಯುತ್ತಿದ್ದೆ. ಹೋದ ಸರದಿಯಲ್ಲಿ ಯೂಟ್ಯೂಬ್ ನೋಡಿ ಜೋಳದ ರೊಟ್ಟಿ, ಎಣ್ಣೆಗಾಯಿ ಮಾಡಿದೆ. ರೊಟ್ಟಿಯೆಲ್ಲ ಹರಿದುಹೋಯಿತು. ವಿಜಯಪುರದ ಗೆಳತಿ, “ಇದೇನ ರೊಟ್ಟಿ ಬಡದೀಯೋ, ನಕಾಶಾ ತಗದೀಯೋ?” ಎಂದಳು. ಎಲ್ಲರೂ ನಕ್ಕರು, ನಾನೂ ನಕ್ಕೆ. ಒಬ್ಬಳು ಫೋಟೊ ತೆಗೆದು ವಾಟ್ಸ್ಯಾಪ್ ಗುಂಪಿಗೆ ಹಾಕಿದಳು. ಅವರು ಹೋದಮೇಲೆ ಅತ್ತುಬಿಟ್ಟೆ. ಈಗ ಮತ್ತೆ ನನ್ನ ಸರದಿ. ನಿದ್ದೆ ಬರುತ್ತಿಲ್ಲ. ಜ್ವರ ಎಂದು ಸುಳ್ಳು ಹೇಳಿಬಿಡಲೇ? ಒಂದು ರೊಟ್ಟಿಗೆ ಇಷ್ಟು ಸಂಕಟಪಡುವ ನಾನು ಅಷ್ಟು ಸಣ್ಣ ಮನಸ್ಸಿನವಳೇ?
– ಹೆಸರು ಬೇಡ, ಬೆಂಗಳೂರು

ಉತ್ತರ: ಖಂಡಿತ ಅಲ್ಲ. ಆಫೀಸು ಮುಗಿಸಿ, ಎಳೆ ಬದನೆಕಾಯಿ ಹುಡುಕಿ ತಂದು, ಶೇಂಗಾ ಹುರಿದು, ಮಸಾಲೆ ತುಂಬಿ, ಗೊತ್ತಿಲ್ಲದ ರೊಟ್ಟಿಗೆ ಕೈಹಾಕಿದ್ದೀರಿ. ಅವರಿಗೆ ಖುಷಿಯಾಗಲಿ ಎಂದೇ ಅಷ್ಟೆಲ್ಲ ಮಾಡಿದ್ದು. ಅದಕ್ಕೆ ಬಂದದ್ದು ನಗು. ನೋವಾಗದೆ ಇನ್ನೇನಾಗುತ್ತದೆ?

ನಿಮ್ಮ ಪತ್ರದಲ್ಲಿ “ನಾನೂ ನಕ್ಕೆ” ಎಂಬ ಎರಡು ಮಾತುಗಳನ್ನು ನಾನು ಮತ್ತೆ ಮತ್ತೆ ಓದಿದೆ. ಅಲ್ಲೇ ಇದೆ ನಿಮ್ಮ ಸಂಕಟದ ಬೇರು. ಎಲ್ಲರೆದುರು ನಕ್ಕು ನೋವನ್ನು ನುಂಗಿಕೊಂಡಿರಿ. ಹಾಗಾಗಿ ನಿಮಗೆ ನೋವಾಗಿದೆ ಎಂದು ಅಲ್ಲಿ ಯಾರಿಗೂ ತಿಳಿಯಲಿಲ್ಲ, ಸಮಾಧಾನ ಹೇಳುವ ಅವಕಾಶವೂ ಅವರಿಗೆ ಸಿಗಲಿಲ್ಲ. ಆ ಭಾರವನ್ನು ಅಂದಿನಿಂದ ನೀವೊಬ್ಬರೇ ಹೊತ್ತಿದ್ದೀರಿ. ನಿದ್ದೆ ಕೆಡಿಸುತ್ತಿರುವುದು ಹರಿದ ರೊಟ್ಟಿಗಿಂತ ಹೆಚ್ಚಾಗಿ ಹೀಗೆ ಒಳಗೇ ಉಳಿದ ಮಾತು ಎಂದು ನನಗನ್ನಿಸುತ್ತದೆ.

ರೊಟ್ಟಿಯ ಬಗ್ಗೆಯೂ ಒಂದು ಮಾತು ಹೇಳಬೇಕು, ಏಕೆಂದರೆ ನೀವು ನಿಮ್ಮ ಕೈಯನ್ನೇ ದೂರುತ್ತಿದ್ದೀರಿ. ಗೋಧಿ ಹಿಟ್ಟನ್ನು ಹಿಡಿದಿಡುವ ಗ್ಲುಟೆನ್ ಜೋಳದಲ್ಲಿಲ್ಲ. ಕುದಿಯುವ ಎಸರು ಹಾಕಿ, ಬಿಸಿ ಇರುವಾಗಲೇ ಚೆನ್ನಾಗಿ ನಾದಿದರೆ ಮಾತ್ರ ಹಿಟ್ಟು ಒಂದುಗೂಡುತ್ತದೆ. ಬೀಸಿ ಬಹಳ ದಿನವಾದ ಹಿಟ್ಟಾದರೆ ಜಿಗಿ ಹೋಗಿರುತ್ತದೆ, ಎಷ್ಟು ನಾದಿದರೂ ಅಂಚು ಬಿರಿಯುತ್ತದೆ. ವಿಡಿಯೊದಲ್ಲಿ ಬಡಿಯುವ ಕೈ ಕಾಣುತ್ತದೆ. ಹಿಟ್ಟಿನ ಬಿಸಿ, ಹದ ಕಾಣುವುದಿಲ್ಲ. ಉತ್ತರ ಕರ್ನಾಟಕದ ಮನೆಗಳಲ್ಲಿ ಹೆಣ್ಣುಮಕ್ಕಳು ಅವ್ವನ ಪಕ್ಕ ಕೂತು, ಎಷ್ಟೋ ರೊಟ್ಟಿ ಹರಿದ ಮೇಲೆ ಕಲಿಯುವ ವಿದ್ಯೆ ಅದು. ಅದನ್ನು ನೀವು ಒಂದೇ ಸಂಜೆಯಲ್ಲಿ, ಗೆಳತಿಯರು ಬರುವ ಹೊತ್ತಿಗೆ, ಒಬ್ಬರೇ ಮಾಡಹೊರಟಿರಿ. ಹರಿದದ್ದು ಸಹಜ.

ಈಗ ನಿಮ್ಮ ನಿಯಮದ ವಿಷಯ. ಪ್ರತಿ ಸಲವೂ ಹೊಸ ಅಡುಗೆಯೇ ಆಗಬೇಕು ಎಂದಾಗ, ಊಟ ಬಡಿಸುವವಳು ಪರೀಕ್ಷೆಗೆ ಕೂತವಳಾಗುತ್ತಾಳೆ, ಉಣ್ಣುವವರು ಅಂಕ ಹಾಕುವವರಾಗುತ್ತಾರೆ. ಯಾರೂ ಹಾಗೆ ಬಯಸಿರುವುದಿಲ್ಲ, ಆದರೂ ಹಾಗಾಗಿಬಿಡುತ್ತದೆ. ನಮ್ಮಲ್ಲಿ ಕೂಡಿ ಉಣ್ಣುವ ರೂಢಿಗಳನ್ನು ನೆನೆಸಿಕೊಳ್ಳಿ. ಕಲಬುರಗಿ, ಬೀದರ ಕಡೆ ಎಳ್ಳಮಾವಾಸ್ಯೆಗೆ ಬುತ್ತಿ ಕಟ್ಟಿಕೊಂಡು ಹೊಲಕ್ಕೆ ಹೋಗುತ್ತಾರೆ, ಗೆಳೆಯರನ್ನೂ ಕರೆಯುತ್ತಾರೆ. ವರ್ಷ ವರ್ಷವೂ ಅದೇ ಭಜ್ಜಿ, ಅದೇ ಸಜ್ಜೆ ರೊಟ್ಟಿ. ಈ ಸಲ ಹೊಸತೇನು ಎಂದು ಯಾರೂ ಕೇಳುವುದಿಲ್ಲ. ಬೆಳದಿಂಗಳೂಟದಲ್ಲೂ ಅಷ್ಟೇ, ಒಬ್ಬರು ಚಿತ್ರಾನ್ನ ತಂದರೆ ಇನ್ನೊಬ್ಬರು ಮೊಸರನ್ನ ತರುತ್ತಾರೆ. ಹೊಸ ರುಚಿ ಕಲಿಯುವುದು ಒಳ್ಳೆಯದೇ, ಅದರಲ್ಲಿ ಸಂತೋಷವೂ ಇದೆ. ಆದರೆ ಅದು ಊಟಕ್ಕೆ ಷರತ್ತಾಗಬಾರದು. ಬದಲಾಗಬೇಕಾದದ್ದು ಆ ನಿಯಮ, ನೀವಲ್ಲ.

ಜ್ವರದ ಸುಳ್ಳು ಬೇಡ. ಈ ಸಲ ತಪ್ಪಿಸಿಕೊಂಡರೆ ಮುಂದಿನ ಸರದಿಗೆ ಭಯ ಇನ್ನಷ್ಟು ಬೆಳೆದಿರುತ್ತದೆ. ಅದರ ಬದಲು ವಿಜಯಪುರದ ಗೆಳತಿಗೆ ಫೋನ್ ಮಾಡಿ. ಗುಂಪಿನಲ್ಲಿ ಬರೆಯಬೇಡಿ, ಅವಳೊಬ್ಬಳೊಡನೆ ಮಾತಾಡಿ. “ಅವತ್ತು ನಾನೂ ನಕ್ಕೆ, ಆದರೆ ಆಮೇಲೆ ತುಂಬ ಬೇಜಾರಾಯಿತು ಕಣೇ” ಎಂದರೆ ಸಾಕು. ವಾದ ಬೇಡ, ಲೆಕ್ಕ ಒಪ್ಪಿಸುವುದೂ ಬೇಡ. ನೋಯಿಸಬೇಕೆಂದೇ ಅವಳು ಹಾಗೆ ಅಂದಿರಲಾರಳು. ಸಲುಗೆಯಲ್ಲಿ ಬಾಯಿಗೆ ಬಂದ ಮಾತಿರಬಹುದು. ಆ ಫೋಟೊ ಅಳಿಸು ಎಂದು ಹಾಕಿದವಳಿಗೂ ನೇರವಾಗಿ ಹೇಳಿ. ಅದನ್ನು ಕೇಳುವ ಹಕ್ಕು ನಿಮಗಿದೆ.

ಮನಸ್ಸು ಒಪ್ಪಿದರೆ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ. “ಎರಡು ತಾಸು ಮೊದಲೇ ಬಾ, ರೊಟ್ಟಿ ಬಡಿಯುವುದನ್ನು ಕಲಿಸು” ಎಂದು ಅವಳನ್ನೇ ಕರೆಯಿರಿ. ಹೊಸ ಅಡುಗೆ ಕಲಿಯಲು ಅದಕ್ಕಿಂತ ಒಳ್ಳೆಯ ದಾರಿ ನನಗೆ ಗೊತ್ತಿಲ್ಲ. ಬಾಗಿಲು ಮುಚ್ಚಿದ ಅಡುಗೆಮನೆಯಲ್ಲಿ ಒಬ್ಬರೇ ಬೆವರುವುದು ತಪ್ಪುತ್ತದೆ, ರೊಟ್ಟಿ ಹರಿದರೂ ಇಬ್ಬರ ಕೈಯಲ್ಲೂ ಹರಿದಂತಾಗುತ್ತದೆ. ಇಷ್ಟು ಬೇಗ ಅದು ಕಷ್ಟವೆನ್ನಿಸಿದರೆ ರೊಟ್ಟಿಯನ್ನು ಸದ್ಯಕ್ಕೆ ಬಿಟ್ಟುಬಿಡಿ. ಒಂದೆಲಗವನ್ನು ಜೀರಿಗೆ, ಕಾಳುಮೆಣಸಿನೊಡನೆ ತುಪ್ಪದಲ್ಲಿ ಬಾಡಿಸಿ, ಕಾಯಿತುರಿ ಹಾಕಿ ರುಬ್ಬಿ, ಮಜ್ಜಿಗೆ ಬೆರೆಸಿ ಒಗ್ಗರಣೆ ಕೊಟ್ಟರೆ ನಿಮ್ಮೂರಿನ ತಂಬುಳಿ. ನಿಮಗದು ದಿನನಿತ್ಯದ್ದು, ವಿಜಯಪುರದವಳಿಗೆ ಹೊಸ ರುಚಿಯೇ. ಜೊತೆಗೆ ಬಿಸಿ ಅನ್ನ, ಒಂದು ಪಲ್ಯ, ಹಪ್ಪಳ ಇದ್ದರೆ ನಾಲ್ವರಿಗೆ ಹೊಟ್ಟೆ ತುಂಬುತ್ತದೆ. ಮುಂದೆಯೂ ಹೊಸತನ್ನು ಮಾಡುವುದಾದರೆ ಕೈಗೆ ಪಳಗಿದ ಎರಡು ಅಡುಗೆಗಳ ನಡುವೆ ಒಂದನ್ನು ಮಾತ್ರ ಇಡಿ. ವಾರದ ನಡುವೆ ಸ್ವಲ್ಪವೇ ಮಾಡಿ ನೋಡಿದ್ದರೆ ಮನಸ್ಸಿಗೂ ಧೈರ್ಯ. ಮೊಸರು, ಹಣ್ಣು ತರುವುದನ್ನು, ಪಾತ್ರೆ ತೊಳೆಯುವುದನ್ನು ಹಂಚಿಕೊಳ್ಳಿ.

ಹೀಗೆ ಸೇರಿ ಉಣ್ಣುವ ಗೆಳೆಯರ ಗುಂಪುಗಳು ಎಲ್ಲ ಊರಲ್ಲೂ ಇವೆ. ಅವರಿಗೂ ಒಂದು ಮಾತು: ಬಡಿಸುವವರು ನಗುತ್ತಿದ್ದಾರೆಂದರೆ ಅವರಿಗೆ ನೋವಾಗಿಲ್ಲ ಎಂದು ತಿಳಿಯಬೇಡಿ. ಮೊದಲು ಉಂಡು, ಚೆನ್ನಾಗಿರುವುದನ್ನು ಹೇಳಿ. ತಿದ್ದುವುದಿದ್ದರೆ ಆಮೇಲೆ, ಅವರೇ ಕೇಳಿದಾಗ ಹೇಳಿ.

ಕೊನೆಯದಾಗಿ ನಿಮಗೇ ಒಂದು ಪ್ರಶ್ನೆ. ಬೇರೆಯವರು ಏನಂದುಕೊಳ್ಳುತ್ತಾರೋ ಎಂಬ ಈ ಭಯ ಶನಿವಾರದ ಊಟಕ್ಕಷ್ಟೇ ಇದೆಯೇ, ಅಥವಾ ಆಫೀಸಿನಲ್ಲಿ ಮಾತಾಡುವಾಗ, ಮದುವೆ ಮುಂಜಿಗೆ ಹೋಗುವಾಗಲೂ ಕಾಡುತ್ತದೆಯೇ? ಎಲ್ಲೆಡೆ ಕಾಡುತ್ತಿದ್ದರೆ, ಅಥವಾ ಇನ್ನೆರಡು ವಾರ ಕಳೆದರೂ ನಿದ್ದೆ ಸರಿಹೋಗದಿದ್ದರೆ, ಆಪ್ತಸಮಾಲೋಚಕರನ್ನು ಒಮ್ಮೆ ಕಾಣಿ. ಅದರಲ್ಲಿ ನಾಚಿಕೆಪಡುವಂಥದ್ದು ಏನೂ ಇಲ್ಲ. ಸರ್ಕಾರದ ಟೆಲಿ ಮನಸ್ ಸಹಾಯವಾಣಿಯ ಸಂಖ್ಯೆ 14416. ಕರೆ ಉಚಿತ, ದಿನದ 24 ಗಂಟೆಯೂ ಸಿಗುತ್ತದೆ, ಕನ್ನಡದಲ್ಲೇ ಮಾತಾಡಬಹುದು.