ಮುಳ್ಳಿನೊಳಗಿನ ಸವಿ: ಸೀ ಅರ್ಚಿನ್ ಕೊಂಡು ತಿನ್ನುವ ಬಗೆ, ಹಂತ ಹಂತವಾಗಿ

ಮಲ್ಪೆ, ಮಂಗಳೂರು, ಕಾರವಾರದ ಮೀನು ಮಾರುಕಟ್ಟೆಗಳಲ್ಲಿ ಏಡಿ, ಸಿಗಡಿ, ಮರುವಾಯಿ ಆರಿಸಿ ಪಳಗಿದವರಿಗೂ ಸೀ ಅರ್ಚಿನ್ ಎಂಬ ಮುಳ್ಳುಮೈಯ ಕಡಲಜೀವಿ ಹೊಸದು. ನಮ್ಮ ಕರಾವಳಿಯಲ್ಲಿ ಅದನ್ನು ತಿನ್ನುವ ವಾಡಿಕೆ ಇಲ್ಲ. ಆದರೆ ಕ್ಯಾಲಿಫೋರ್ನಿಯಾದಲ್ಲಿ ನೆಲೆಸಿರುವ ಕನ್ನಡಿಗರಿಗೆ, ಮಕ್ಕಳ ಮನೆಗೆಂದು ಅಲ್ಲಿಗೆ ಹೋಗಿಬರುವವರಿಗೆ, ಇದನ್ನು ಜೀವಂತವಾಗಿಯೇ ಕೊಳ್ಳುವ ಅವಕಾಶವಿದೆ. ಸಾಂತಾ ಬಾರ್ಬರಾ ಊರಿನ ಎದುರಿಗಿರುವ ಚಾನಲ್ ದ್ವೀಪಗಳ ಸುತ್ತಲಿನ ತಣ್ಣನೆಯ ಕಡಲು ಕೆಂಪು ಸೀ ಅರ್ಚಿನ್‌ಗೆ ಹೆಸರುವಾಸಿ. 1970ರ ದಶಕದ ಆರಂಭದಲ್ಲಿ ಜಪಾನಿನ ಬೇಡಿಕೆಯಿಂದಾಗಿಯೇ ಅಲ್ಲಿ ಇದನ್ನು ಹಿಡಿಯುವ ಕಸುಬು ಬೆಳೆಯಿತು. ಜಪಾನೀಯರು ಇದನ್ನು 'ಉನಿ' ಎನ್ನುತ್ತಾರೆ. ಸೂಶಿ ಹೋಟೆಲುಗಳ ಪಟ್ಟಿಯಲ್ಲಿಯೂ ಅದೇ ಹೆಸರಿರುತ್ತದೆ.

ಮೊದಲ ಸಲ ಕೊಳ್ಳುವವರು ಒಂದು ಮಾತನ್ನು ಮನಸ್ಸಿನಲ್ಲಿಟ್ಟುಕೊಂಡರೆ ಸಾಕು. ಸೀ ಅರ್ಚಿನ್‌ಗೆ ರುಚಿ ಬರುವುದು ಅದು ತಿಂದ ಕಡಲಪಾಚಿಯಿಂದ. ಒಲೆ, ಮಸಾಲೆ, ಕೈಚಳಕ ಯಾವುವೂ ಆ ರುಚಿಯನ್ನು ತಂದುಕೊಡಲಾರವು. ಇದ್ದ ರುಚಿಯನ್ನು ಕೆಡಿಸಬಲ್ಲವು ಅಷ್ಟೆ. ಹಾಗಾಗಿ ಇಲ್ಲಿ ಕೊಳ್ಳುವ ಜಾಣ್ಮೆಯೇ ಅರ್ಧ ಅಡುಗೆ.

ಹಂತ 1: ಏನನ್ನು ತಿನ್ನುತ್ತೇವೆ ಎಂದು ತಿಳಿಯಿರಿ

ಮುಳ್ಳು ತುಂಬಿದ ದುಂಡನೆಯ ಚಿಪ್ಪು, ಅದರ ಅಡಿಭಾಗದ ನಡುವೆ ಬಾಯಿ, ಬಾಯಲ್ಲಿ ಐದು ಹಲ್ಲು. ಚಿಪ್ಪಿನ ಒಳಗೋಡೆಗೆ ಅಂಟಿಕೊಂಡು ಐದು ಎಸಳುಗಳಿರುತ್ತವೆ. ತಿನ್ನುವುದು ಈ ಎಸಳುಗಳನ್ನು ಮಾತ್ರ. ಮೀನಿನ ಮೊಟ್ಟೆಯೆಂದು ಹಲವರು ಭಾವಿಸುವ ಈ ಭಾಗ ನಿಜವಾಗಿ ಅದರ ಸಂತಾನಾಂಗ. ಗಂಡು, ಹೆಣ್ಣು ಎರಡರಲ್ಲಿಯೂ ಇರುತ್ತದೆ, ಎರಡನ್ನೂ ತಿನ್ನುತ್ತಾರೆ. ಆಹಾರ ಚೆನ್ನಾಗಿ ಸಿಕ್ಕಾಗ ಪ್ರಾಣಿ ತನ್ನ ಪುಷ್ಟಿಯನ್ನೆಲ್ಲ ಕೂಡಿಡುವುದು ಇಲ್ಲಿಯೇ. ಹೊಟ್ಟೆ ತುಂಬ ತಿಂದ ಸೀ ಅರ್ಚಿನ್‌ನಲ್ಲಿ ಎಸಳು ದಪ್ಪಗೆ ಹೊನ್ನಿನ ಬಣ್ಣದಲ್ಲಿರುತ್ತದೆ, ಹಸಿದದ್ದರಲ್ಲಿ ತೆಳ್ಳಗೆ ಕಂದಾಗಿರುತ್ತದೆ.

ಹಂತ 2: ತಿನ್ನಬಹುದೇ ಎಂದು ಮೊದಲೇ ನೋಡಿಕೊಳ್ಳಿ

ಇದನ್ನು ಹೆಚ್ಚಾಗಿ ಹಸಿಯಾಗಿಯೇ ತಿನ್ನುತ್ತಾರೆ. ಗರ್ಭಿಣಿಯರು, ಚಿಕ್ಕ ಮಕ್ಕಳು, ವಯಸ್ಸಾಗಿ ನಿತ್ರಾಣರಾದವರು, ರೋಗನಿರೋಧಕ ಶಕ್ತಿ ಕುಂದಿದವರು ಹಸಿ ಕಡಲ ಆಹಾರದಿಂದ ದೂರವಿರುವುದೇ ಸರಿ. ಸಿಗಡಿ, ಏಡಿ, ಚಿಪ್ಪುಮೀನು ಆಗದವರು ವೈದ್ಯರನ್ನು ಕೇಳದೆ ಇದನ್ನು ಮುಟ್ಟಬಾರದು. ಸೀ ಅರ್ಚಿನ್ ಆ ಜಾತಿಗೆ ಸೇರಿದ್ದಲ್ಲವಾದರೂ ಇದೂ ಕೆಲವರಿಗೆ ಅಲರ್ಜಿ ಉಂಟುಮಾಡುತ್ತದೆ. ಜೊತೆಗೆ ಅಂಗಡಿಯಲ್ಲಿ ಹಲವು ಸಲ ಎಲ್ಲವನ್ನೂ ಒಂದೇ ಮೇಜಿನ ಮೇಲೆ ಬಿಡಿಸುತ್ತಾರೆ.

ಹಂತ 3: ಕಾಲ ನೋಡಿ ಕೊಳ್ಳಿ

ದಕ್ಷಿಣ ಕ್ಯಾಲಿಫೋರ್ನಿಯಾದಲ್ಲಿ ಶರತ್ಕಾಲದಿಂದ ಚಳಿಗಾಲದವರೆಗೆ ಎಸಳು ತುಂಬಿಕೊಂಡಿರುತ್ತದೆ. ಸಂತಾನೋತ್ಪತ್ತಿಯ ಸಮಯ ಹತ್ತಿರವಾದಂತೆ ಅದು ಸಡಿಲವಾಗಿ, ಮುಟ್ಟಿದರೆ ಹಾಲಿನಂತೆ ಒಸರತೊಡಗುತ್ತದೆ, ರುಚಿಯೂ ಇಳಿಯುತ್ತದೆ. ಊರಿಂದೂರಿಗೆ ಈ ಕಾಲ ಬೇರೆ. ಜಪಾನಿನ ಹೊಕ್ಕೈಡೊ ಬಳಿಯ ರಿಷಿರಿ, ರೆಬುನ್ ದ್ವೀಪಗಳಲ್ಲಿ ಬೇಸಿಗೆಯೇ ಸುಗ್ಗಿ. ಅಮೆರಿಕದ ಪೂರ್ವ ತೀರದ ಮೇಯ್ನ್ ರಾಜ್ಯದಲ್ಲಿ ಚಳಿಗಾಲ. ಆದ್ದರಿಂದ ಒಂದು ಕಡೆಯ ಕ್ಯಾಲೆಂಡರನ್ನು ಇನ್ನೊಂದು ಕಡೆ ನಂಬಬೇಡಿ.

ಹಂತ 4: ಹಿಡಿದವರ ಕೈಯಿಂದಲೇ ಕೊಳ್ಳಿ

ಸಾಂತಾ ಬಾರ್ಬರಾ ಬಂದರಿನಲ್ಲಿಯೂ ಸ್ಯಾನ್ ಡಿಯಾಗೋದ ಟ್ಯೂನಾ ಹಾರ್ಬರ್‌ನಲ್ಲಿಯೂ ಶನಿವಾರ ಬೆಳಿಗ್ಗೆ ಮೀನುಗಾರರೇ ನಡೆಸುವ ಸಂತೆ ಇದೆ. ಬೇಗ ಹೋಗಿ. ಸೀ ಅರ್ಚಿನ್ ಬಲೆಗೆ ಬೀಳುವ ಸರಕಲ್ಲ. ದೋಣಿಯಿಂದ ಇಳಿಬಿಟ್ಟ ಕೊಳವೆಯಲ್ಲಿ ಗಾಳಿ ಎಳೆದುಕೊಳ್ಳುತ್ತ, ಮುಳುಗುಗಾರರು ಕಡಲತಳದ ಬಂಡೆಗಳಿಂದ ಒಂದೊಂದನ್ನೇ ಕೈಕುಂಟೆಯಲ್ಲಿ ಎಬ್ಬಿಸಿ ಬಲೆಚೀಲಕ್ಕೆ ಹಾಕುತ್ತಾರೆ. ಮುಳ್ಳು ಬಿಟ್ಟು ಚಿಪ್ಪು ಕನಿಷ್ಠ 3.25 ಇಂಚು ಅಗಲವಿದ್ದರೆ ಮಾತ್ರ ಕೆಂಪು ಸೀ ಅರ್ಚಿನ್ ಹಿಡಿಯಬಹುದೆಂಬ ನಿಯಮ ದಕ್ಷಿಣ ಭಾಗದಲ್ಲಿದೆ. ಇವು ನಿಧಾನವಾಗಿ ಬೆಳೆಯುವ ಜೀವಿಗಳು, ನೂರು ವರ್ಷ ದಾಟಿ ಬದುಕಬಲ್ಲವು. ಚಿಕ್ಕವನ್ನು ಕಡಲಲ್ಲಿಯೇ ಬಿಟ್ಟರೆ ಮುಂದಿನ ಸುಗ್ಗಿ ಉಳಿಯುತ್ತದೆ.

ಮಾರುವವರನ್ನು ಮೂರು ಮಾತು ಕೇಳಿ. ಯಾವಾಗ ಹಿಡಿದದ್ದು? ಅಲ್ಲಿ ಪಾಚಿ ಚೆನ್ನಾಗಿತ್ತೇ? ಒಂದನ್ನು ಒಡೆದು ತೋರಿಸುತ್ತೀರಾ? ಕೆಲ್ಪ್ ಎಂಬ ದೈತ್ಯಪಾಚಿ ದಟ್ಟವಾಗಿ ಬೆಳೆದ ಕಡೆಯ ಸರಕಾದರೆ ಮುಳುಗುಗಾರರು ಹೆಮ್ಮೆಯಿಂದಲೇ ಹೇಳುತ್ತಾರೆ. ಅದೇ ದಿನ ಅದೇ ಜಾಗದಿಂದ ಬಂದವುಗಳಲ್ಲಿ ಒಂದು ಒಡೆದರೆ ಉಳಿದವುಗಳ ಅಂದಾಜು ಸಿಗುತ್ತದೆ.

ಹಂತ 5: ಜೀವವಿರುವುದನ್ನು ಆರಿಸಿ

• ಮುಳ್ಳು ಅಲುಗಾಡುತ್ತಿರಬೇಕು. ಮೆಲ್ಲನೆ ತಾಗಿದರೆ ಸುತ್ತಲಿನ ಮುಳ್ಳುಗಳು ಆ ಕಡೆಗೆ ವಾಲುತ್ತವೆ.
• ಮುಳ್ಳು ನೆಟ್ಟಗಿರಬೇಕು. ಜೋತುಬಿದ್ದು ಉದುರುತ್ತಿದ್ದರೆ ಬೇಡ.
• ಬಾಯಿ ಬಿಗಿಯಾಗಿ ಮುಚ್ಚಿರಬೇಕು; ಚಿಪ್ಪಿನಲ್ಲಿ ಬಿರುಕು, ತೂತು ಇರಬಾರದು.
• ಗಾತ್ರಕ್ಕೆ ತಕ್ಕ ತೂಕವಿರಬೇಕು.
• ಕಡಲ ಗಾಳಿಯ ವಾಸನೆ ಬರಬೇಕು. ಮೂಗಿಗೆ ಚುಚ್ಚುವ ಘಾಟು ಬಂದರೆ ಅಲ್ಲಿಯೇ ಬಿಟ್ಟುಬನ್ನಿ.

ದೊಡ್ಡದೆಲ್ಲ ಒಳ್ಳೆಯದೆಂದುಕೊಳ್ಳಬೇಡಿ; ಮಧ್ಯಮ ಗಾತ್ರದ್ದು ಬಿಡಿಸಲೂ ಸುಲಭ. ಮೊದಲ ಸಲಕ್ಕೆ ತಲೆಗೆ ಒಂದರಂತೆ ತಂದರೆ ಸಾಕು.

ಜೀವಂತ ಸಿಗದಿದ್ದರೆ ಜಪಾನೀ ಅಂಗಡಿಗಳಲ್ಲಿ ಬಿಡಿಸಿಟ್ಟ ಎಸಳು ಪುಟ್ಟ ಮರದ ತಟ್ಟೆಯಲ್ಲಿ ಸಿಗುತ್ತದೆ. ಎಸಳಿನ ಅಂಚು ಸ್ಪಷ್ಟವಾಗಿರಬೇಕು, ತಟ್ಟೆಯಲ್ಲಿ ನೀರು ಒಸರಿರಬಾರದು, ಬಣ್ಣ ಉಜ್ವಲವಾಗಿರಬೇಕು. ಆಕಾರ ಕೆಡದಿರಲೆಂದು ಇದಕ್ಕೆ ಹಲವು ಸಲ ಪಟಿಕದ ನೀರು ಸೋಕಿಸಿರುತ್ತಾರೆ. ಅದು ಹೆಚ್ಚಾದರೆ ನಾಲಿಗೆಗೆ ಒಗರು, ಕಹಿ ತಟ್ಟುತ್ತದೆ. ಪಟಿಕವಿಲ್ಲದೆ ಉಪ್ಪುನೀರಿನಲ್ಲಿ ತೇಲಿಸಿಟ್ಟ ಡಬ್ಬಿ ಸಿಕ್ಕರೆ ಅದನ್ನೇ ತೆಗೆದುಕೊಳ್ಳಿ.

ಹಂತ 6: ತಣ್ಣಗೆ ಮನೆಗೆ ತನ್ನಿ

ಐಸ್ ಪೆಟ್ಟಿಗೆಯೊಂದಿಗೇ ಮನೆಯಿಂದ ಹೊರಡಿ. ಕೆಳಗೆ ಐಸ್, ಅದರ ಮೇಲೆ ಒದ್ದೆ ಬಟ್ಟೆ, ಅದರ ಮೇಲೆ ಸೀ ಅರ್ಚಿನ್. ಐಸ್ ಕರಗಿದ ನೀರಿನಲ್ಲಿ ಮುಳುಗಲು ಬಿಡಬೇಡಿ. ಸಿಹಿನೀರು ಅದನ್ನು ಕೊಲ್ಲುತ್ತದೆ. ಪ್ಲಾಸ್ಟಿಕ್ ಚೀಲದಲ್ಲಿ ಬಿಗಿಯಾಗಿ ಕಟ್ಟಲೂ ಬೇಡಿ. ಮನೆಯಲ್ಲಿ ಫ್ರಿಜ್ಜಿನ ಅತಿ ತಣ್ಣನೆಯ ಮೂಲೆಯಲ್ಲಿ ಒದ್ದೆ ಬಟ್ಟೆ ಹೊದಿಸಿಟ್ಟು ಆ ದಿನವೇ ತಿನ್ನಿ.

ಹಂತ 7: ಬಿಡಿಸಿ

ಬೇಕಾದದ್ದು: ದಪ್ಪ ಕೈಗವಸು, ಚೂಪಾದ ಅಡುಗೆ ಕತ್ತರಿ, ಚಿಕ್ಕ ಚಮಚ, ಚಿಮುಟ, ಎರಡು ಬಟ್ಟಲು. ಒಂದು ಲೀಟರ್ ತಣ್ಣೀರಿಗೆ 30 ಗ್ರಾಂ ಉಪ್ಪು ಕರಗಿಸಿಡಿ. ಹೆಚ್ಚುಕಡಿಮೆ ಕಡಲ ನೀರಿನಷ್ಟು ಉಪ್ಪಾದ ಈ ನೀರು ಎಸಳಿನ ಆಕಾರ ಕಾಯುತ್ತದೆ. ಬರಿಯ ನಲ್ಲಿನೀರು ತಾಗಿದರೆ ಎಸಳು ನೀರು ಹೀರಿ ಮೆತ್ತಗಾಗಿ ಸಪ್ಪೆಯಾಗುತ್ತದೆ.

1. ಕೈಗವಸು ತೊಟ್ಟು, ಬಾಯಿ ಮೇಲೆ ಬರುವಂತೆ ಮಡಿಸಿದ ಬಟ್ಟೆಯ ಮೇಲಿಡಿ.
2. ಬಾಯಿಯ ಸುತ್ತಲಿನ ಮೆತ್ತನೆಯ ಪೊರೆಯಲ್ಲಿ ಕತ್ತರಿಯ ತುದಿ ತೂರಿಸಿ, ಅಂಚಿನ ಕಡೆಗೆ ಸ್ವಲ್ಪ ಕತ್ತರಿಸಿ.
3. ಅಲ್ಲಿಂದ ದುಂಡಗೆ ಕತ್ತರಿಸುತ್ತ ಬನ್ನಿ. ತುದಿ ಒಳಗೆ ಆಳಕ್ಕಿಳಿದರೆ ಎಸಳು ಹರಿಯುತ್ತದೆ, ಮೇಲುಮೇಲಕ್ಕೇ ಇರಲಿ.
4. ಮುಚ್ಚಳದಂಥ ಆ ತುಂಡನ್ನು ಹಲ್ಲುಗಳ ಸಮೇತ ಎತ್ತಿ ತೆಗೆಯಿರಿ.
5. ಒಳಗಿನ ನೀರನ್ನು ಚೆಲ್ಲಿ. ಕಂದು, ಕಪ್ಪು ಬಣ್ಣದ ಕರುಳಿನ ಭಾಗ ಅದರೊಂದಿಗೆ ಬರುತ್ತದೆ; ಉಳಿದದ್ದನ್ನು ಚಿಮುಟದಿಂದ ತೆಗೆಯಿರಿ.
6. ಎಸಳಿನ ಹಿಂದೆ, ಚಿಪ್ಪಿನ ಗೋಡೆಗುಂಟ ಚಮಚ ಜಾರಿಸಿ ಇಡಿಯಾಗಿ ಎಬ್ಬಿಸಿ.
7. ಉಪ್ಪುನೀರಿನಲ್ಲಿ ಮೆಲ್ಲನೆ ಅಲುಗಿಸಿ, ಅಂಟಿದ ಕಪ್ಪು ಪೊರೆ ಬಿಡಿಸಿ, ತೆಗೆದು ನೀರು ಬಸಿಯಲು ಬಿಡಿ. ಹೆಚ್ಚು ಹೊತ್ತು ನೆನೆಸಬೇಡಿ.

ಕತ್ತರಿಸಿದ ಮೇಲೂ ಮುಳ್ಳುಗಳು ಸ್ವಲ್ಪ ಹೊತ್ತು ಅಲುಗುತ್ತಿರುತ್ತವೆ. ನೋಡಲು ಮನಸ್ಸಿಗೆ ಕಷ್ಟವೆನಿಸುವವರು ಅಂಗಡಿಯಲ್ಲಿಯೇ ಬಿಡಿಸಿಕೊಡಲು ಹೇಳಬಹುದು. ಮುಳ್ಳು ಚುಚ್ಚಿ ಒಳಗೆ ಮುರಿದರೆ ಅಗೆಯಲು ಹೋಗದೆ, ತಾಳುವಷ್ಟು ಬಿಸಿಯಾದ ನೀರಿನಲ್ಲಿ ಕೈಯದ್ದಿ. ನೋವು, ಊತ ಹೆಚ್ಚಿದರೆ ವೈದ್ಯರಿಗೆ ತೋರಿಸಿ.

ಹಂತ 8: ಮೊದಲ ಎಸಳನ್ನು ಬರಿದಾಗಿಯೇ ತಿನ್ನಿ

ನಿಂಬೆ, ಸೋಯಾ ಸಾಸ್ ಯಾವುದನ್ನೂ ಹಾಕದೆ ಒಂದು ಎಸಳನ್ನು ನಾಲಿಗೆಯ ಮೇಲಿಟ್ಟು ಅಂಗುಳಕ್ಕೆ ಒತ್ತಿ. ಒಳ್ಳೆಯ ಎಸಳು ಬೆಣ್ಣೆಯಂತೆ ಕರಗುತ್ತದೆ. ಮೊದಲು ಉಪ್ಪು, ಆಮೇಲೆ ತಿಳಿಯಾದ ಸಿಹಿ, ಕೊನೆಗೆ ಪಾಚಿಯ ಘಮ. ಚೂರು ಕಹಿ ಇರುವುದು ಸಹಜ. ಅಮೋನಿಯದ ಘಾಟು ಬಂದರೆ ಉಗುಳಿ, ಉಳಿದದ್ದನ್ನು ಎಸೆಯಿರಿ; ಕೊಟ್ಟ ಹಣದ ಮುಖ ನೋಡಿ ತಿನ್ನಬೇಡಿ.

ಹಂತ 9: ಜೊತೆಗೆ ಸೌಮ್ಯವಾದದ್ದನ್ನೇ ಇಡಿ

ಬಿಸಿ ಅನ್ನದ ಮೇಲೆ ತಣ್ಣನೆಯ ಎಸಳು, ಎರಡು ಹನಿ ಸೋಯಾ ಸಾಸ್: ಜಪಾನಿನ ಈ ಕ್ರಮವನ್ನು ಮೀರಿಸುವುದು ಕಷ್ಟ. ದಕ್ಷಿಣ ಇಟಲಿಯವರು ಬೆಂದ ಸ್ಪಗೆಟಿಗೆ ಆಲಿವ್ ಎಣ್ಣೆ, ಬೆಳ್ಳುಳ್ಳಿ ಹಾಕಿ, ಒಲೆಯಿಂದ ಇಳಿಸಿದ ಮೇಲೆ ಎಸಳು ಬೆರೆಸುತ್ತಾರೆ. ಆ ಬಿಸಿಗೇ ಅದು ಕರಗಿ ಸಾರವಾಗುತ್ತದೆ. ನಮ್ಮ ಅಡುಗೆಯಲ್ಲಿ ಇದಕ್ಕೆ ಹೊಂದುವುದು ನೀರುದೋಸೆ. ಹುಳಿಯಿಲ್ಲದ, ಮೆತ್ತನೆಯ ಬಿಸಿ ದೋಸೆಗೆ ತುಸು ಬೆಣ್ಣೆ ಸವರಿ, ಎರಡು ಎಸಳಿಟ್ಟು ಮಡಚಿ ತಿಂದು ನೋಡಿ. ಒಣಮೆಣಸು, ಹುಣಸೆ, ಒಗ್ಗರಣೆ ಮಾತ್ರ ಆ ಹೊತ್ತಿಗೆ ಬೇಡ. ಗಸಿಯ ಖಾರದಲ್ಲಿ ಇದರ ಸಿಹಿ ಉಳಿಯುವುದಿಲ್ಲ.

ಹಂತ 10: ಮುಂದಿನ ಸಲ ನೇರಳೆಯದನ್ನೂ ಕೇಳಿ

ಕ್ಯಾಲಿಫೋರ್ನಿಯಾದ ತೀರದಲ್ಲಿ ಚಿಕ್ಕ ಗಾತ್ರದ ನೇರಳೆ ಸೀ ಅರ್ಚಿನ್ ಕೂಡ ಇದೆ. 2013ರಿಂದ ಹಬ್ಬಿದ ರೋಗದಿಂದ, ಅದನ್ನು ತಿಂದು ಹದ್ದುಬಸ್ತಿನಲ್ಲಿಡುತ್ತಿದ್ದ ಸೂರ್ಯಕಾಂತಿ ಕಡಲನಕ್ಷತ್ರಗಳು ಸತ್ತವು. 2014ರಿಂದ 2016ರವರೆಗೆ ಕಡಲ ನೀರು ಬಿಸಿಯೇರಿ ಪಾಚಿಯೂ ಸೊರಗಿತು. ಉತ್ತರ ತೀರದ ಪಾಚಿಕಾಡುಗಳಲ್ಲಿ ಶೇಕಡ 90ಕ್ಕೂ ಹೆಚ್ಚು ನಾಶವಾಗಿ, ಬೋಳುಬಂಡೆಗಳ ಮೇಲೆ ನೇರಳೆ ಸೀ ಅರ್ಚಿನ್‌ಗಳೇ ತುಂಬಿಕೊಂಡವು. ಹಸಿದ ಆ ಜೀವಿಗಳೊಳಗೆ ಎಸಳು ಇಲ್ಲವೆನ್ನುವಷ್ಟು ತೆಳು. ಅವನ್ನು ಹಿಡಿದು ತೊಟ್ಟಿಗಳಲ್ಲಿ ಮೇವು ಕೊಟ್ಟು ಕೊಬ್ಬಿಸಿ ಮಾರುವ ಪ್ರಯತ್ನ ನಡೆದಿದೆ. ಹಾಗೆ ಮೇಯಿಸಿದ ಅಥವಾ ಪಾಚಿ ಉಳಿದಿರುವ ಜಾಗದ ನೇರಳೆಯದು ಸಿಕ್ಕರೆ ಖಂಡಿತ ಕೊಳ್ಳಿ. ಚಿಕ್ಕದಾದರೂ ಸಿಹಿ ಇರುತ್ತದೆ, ಅದಕ್ಕೆ ಬೇಡಿಕೆ ಬಂದಷ್ಟೂ ಪಾಚಿ ಮತ್ತೆ ಚಿಗುರಲು ಜಾಗವಾಗುತ್ತದೆ. ಕಡಲಿನಲ್ಲಾದರೆ, ಪಾಚಿ ಇದ್ದಲ್ಲಿ ಮಾತ್ರ ನಾವು ಹುಡುಕಿಕೊಂಡು ಹೋಗುವ ಆ ಹೊನ್ನಿನ ಎಸಳು ಇರುತ್ತದೆ. ಹಾಗಾಗಿ ಸಂತೆಯಲ್ಲಿ ಬೆಲೆ ಕೇಳುವ ಮೊದಲು ಪಾಚಿ ಹೇಗಿದೆ ಎಂದು ಕೇಳುವುದನ್ನು ರೂಢಿ ಮಾಡಿಕೊಳ್ಳಿ.